ಗೋಡೆ ದಪ್ಪ ಇದ್ದರೆ ಸಾಲದು



1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಪ್ರಮಾಣ ಸುಮಾರು 6.2. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಸುಮಾರು 8,000 ಜನ ತೀರಿಕೊಂಡರು. ಬಹುತೇಕರು ಮಲಗಿದ್ದಲ್ಲೇ, ತಮ್ಮದೇ ಮನೆಯ ಕಲ್ಲುಮಣ್ಣಿನಡಿ ಸಿಕ್ಕಿ ಸತ್ತರು. ಆ ಮನೆಗಳು ನಮ್ಮ ಬೀದರ್, ಕಲಬುರಗಿ ಕಡೆಯ ಹಳೇ ಮಾಳಿಗೆ ಮನೆಗಳ ಹಾಗೇ ಇದ್ದವು. ಅದಕ್ಕೇ ಈ ಪಾಠ ನಮಗೂ ಬೇಕು.

ಮನೆ ಬಿದ್ದದ್ದು ಹೇಗೆ?

1. ಗೋಡೆ ಎರಡು ಅಡಿಗೂ ಹೆಚ್ಚು ದಪ್ಪ. ಆದರೆ ಅದು ಒಂದೇ ಗೋಡೆಯಲ್ಲ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಕಲ್ಲೇ ಇಲ್ಲ. ನೆಲ ಅಲುಗಿದಾಗ ಸಾಲುಗಳು ಉಬ್ಬಿ, ಬೇರೆಯಾಗಿ, ಉದುರುತ್ತವೆ.

2. ಮೂಲೆಯಲ್ಲಿ ಗೋಡೆಗೂ ಗೋಡೆಗೂ ಸರಿಯಾದ ಹೆಣಿಗೆ ಇರುವುದಿಲ್ಲ. ಮೂಲೆ ಬಿರುಕು ಬಿಟ್ಟರೆ ಪ್ರತಿ ಗೋಡೆ ಒಂಟಿಯಾಗಿ ನಿಂತು ಹೊರಕ್ಕೆ ವಾಲುತ್ತದೆ.

3. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಸೋರಬಾರದು ಅಂತ ಮಾಳಿಗೆ ಮೇಲೆ ವರ್ಷ ವರ್ಷ ಮಣ್ಣು ಹಾಕುತ್ತೇವೆ. ಭಾರ ಹೆಚ್ಚಿದಷ್ಟೂ ಅಲುಗಾಟದ ಹೊಡೆತ ಹೆಚ್ಚು. ಗೋಡೆ ಕುಸಿದರೆ ಆ ಮಣ್ಣೆಲ್ಲಾ ಮಲಗಿದವರ ಮೇಲೇ.

ಮನೆ ಕಟ್ಟುವಾಗ ಗೌಂಡಿಗೆ ಹೇಳಬೇಕಾದ್ದು

- ಕಲ್ಲಿನ ಗೋಡೆಯ ದಪ್ಪ ಒಂದೂವರೆ ಅಡಿ ಮೀರಬಾರದು.
- ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಂದು, ಗೋಡೆಯ ಪೂರ್ತಿ ಅಗಲಕ್ಕೆ ಮುಟ್ಟುವ ಉದ್ದಗಲ್ಲು ಇಡಬೇಕು. ಮೂಲೆಗಳಲ್ಲೂ ಉದ್ದಗಲ್ಲು ಬೇಕು.
- ಕಿಟಕಿ ಬಾಗಿಲ ಮೇಲೆ ಮಾತ್ರ ಲಿಂಟಲ್ ಹಾಕಿ ನಿಲ್ಲಿಸಬೇಡಿ. ಅದೇ ಮಟ್ಟದಲ್ಲಿ ಎಲ್ಲಾ ಗೋಡೆಗಳ ಮೇಲೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಸುತ್ತಿ ಬರಬೇಕು. ಅದು ಮನೆಗೆ ಉಡದಾರ ಇದ್ದ ಹಾಗೆ.
- ಬಾಗಿಲು, ಕಿಟಕಿ ಮೂಲೆಗೆ ಹತ್ತಿರ ಬೇಡ.

ಹಳೇ ಮನೆ ಇದ್ದವರು?

ಕೆಡವಲೇಬೇಕು ಅಂತಿಲ್ಲ. ಮೊದಲು ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ. 1993ರ ನಂತರ ಮಹಾರಾಷ್ಟ್ರದಲ್ಲಿ ಗೋಡೆಯಿಂದ ಅಲ್ಲಲ್ಲಿ ಕಲ್ಲು ತೆಗೆದು, ಆರಪಾರ ತೂತು ಮಾಡಿ, ಕೊಕ್ಕೆ ಸರಳು ಇಟ್ಟು ಕಾಂಕ್ರೀಟ್ ತುಂಬಿ ಎರಡು ಸಾಲುಗಳನ್ನು ಬಿಗಿದರು. ಇದನ್ನು ಇಂಜಿನಿಯರ್ ಸಲಹೆ ಇಲ್ಲದೆ ಮಾಡಬೇಡಿ. ತಪ್ಪಾಗಿ ಕಲ್ಲು ಕಿತ್ತರೆ ಗೋಡೆಯೇ ಬಿದ್ದೀತು.

"ನಮ್ಮ ಕಡೆ ಭೂಕಂಪ ಎಲ್ಲಿ ಆಗುತ್ತೆ ಬಿಡ್ರೀ" ಅನ್ನುವವರಿದ್ದಾರೆ. ಕಿಲ್ಲಾರಿ ಕೂಡ ಆಗಿನ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಲ್ಲಿ ಮಣ್ಣಿನ ಮಾಳಿಗೆ ಮನೆ ಎಷ್ಟಿವೆ? ಯಾವ ಗೋಡೆ ಉಬ್ಬಿದೆ?
2. ಅಂಥ ಗೋಡೆ ಪಕ್ಕ ಮಕ್ಕಳು, ವಯಸ್ಸಾದವರು ಮಲಗುತ್ತಿದ್ದಾರಾ? ಇವತ್ತೇ ಅವರ ಹಾಸಿಗೆಯನ್ನು ಎಲ್ಲಿಗೆ ಬದಲಿಸಬಹುದು?
3. ಸರ್ಕಾರದ ಮನೆ ಮಂಜೂರಾದವರು ಕಾಂಕ್ರೀಟ್ ಪಟ್ಟಿ ಹಾಕಿಸುತ್ತಿದ್ದಾರಾ? ಪಾಯ ಹಾಕುವ ಮೊದಲೇ ಸಂಘದಿಂದ ಇಬ್ಬರು ಹೋಗಿ ಗೌಂಡಿ ಜೊತೆ ಮಾತಾಡಿ ಬನ್ನಿ.