ತಣ್ಣಗಿನ ಮುಖದ ಹಿಂದೆ

ಬೆಳುವಾಯಿ, ಮೂಡುಬಿದಿರೆಗಳ ಕಡೆಯ ಹಳೆಯ ಅಳಿಯಸಂತಾನದ ಕುಟುಂಬಗಳಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು. ಮಾವನ ಗದರಿಕೆಗೆ ಅಂಜಿ, ಅಳುವನ್ನು ನುಂಗಿ ಬೆಳೆದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ದೊಡ್ಡವನಾದ ಮೇಲೆ ಅವನಿಗೆ ಕಲ್ಲೆದೆಯವನೆಂಬ ಹೆಸರು ಬಂದೀತು. ಅದು ನಿಜವೇ?

ಇದಕ್ಕೆ ಸುಳಿವು ಶಿಶುಗಳಲ್ಲಿದೆ. 1960ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಶಿಶುಗಳನ್ನು ತಾಯಂದಿರಿಂದ ಕೆಲವು ನಿಮಿಷ ಅಗಲಿಸಿ ಪರೀಕ್ಷಿಸಿದರು. ಕೆಲವು ಅಳಲಿಲ್ಲ, ತಾಯಿ ಮರಳಿದಾಗ ಮುಖ ತಿರುಗಿಸಿ ಆಟಿಕೆಯಲ್ಲಿ ಮಗ್ನವಾದವು. ಅಪ್ಪುಗೆ ಬಯಸಿದಾಗ ದೂರ ಸರಿಸಲ್ಪಟ್ಟ ಮಕ್ಕಳು ಇವರಲ್ಲಿ ಹೆಚ್ಚು. ಆದರೆ 1977ರಲ್ಲಿ ಸ್ರೂಫ್ ಮತ್ತು ವಾಟರ್ಸ್ ಎಂಬವರು ಅಳೆದು ನೋಡಲು, ಆ ಶಾಂತ ಶಿಶುಗಳ ಎದೆಯೂ ವೇಗವಾಗಿ ಬಡಿಯುತ್ತಿತ್ತು! ಎಂದಮೇಲೆ ನಾವು ನಿರ್ಭಾವವೆಂದು ಕರೆಯುವುದು ಎಷ್ಟೋ ವೇಳೆ ಭಾವವನ್ನು ಅಡಗಿಸುವ ಅಭ್ಯಾಸ.

ದೋಷವನ್ನು ಅಳಿಯಸಂತಾನದ ಮೇಲೆ ಹೊರಿಸುವಂತಿಲ್ಲ. ತಂದೆಯೇ ಯಜಮಾನನಾದ ಮನೆಗಳಲ್ಲೂ ಅಳು ನುಂಗುವ ಮಕ್ಕಳುಂಟು. ಒಂದು ಮಡಿಲು, ಅದು ಅಜ್ಜಿಯದಾದರೂ ಸರಿ, ದೊರೆತರೆ ಫಲ ಬೇರೆಯಾಗಬಹುದು.

ಆ ಹುಡುಗನು ಎಪ್ಪತ್ತರ ಮುದುಕನಾಗಿ ಜಗಲಿಯಲ್ಲಿ ಕುಳಿತು, ಮಾವನು ತನ್ನನ್ನು ಗದರಿದುದನ್ನೂ ತಾನು ಮಕ್ಕಳನ್ನು ಗದರಿದುದನ್ನೂ ಮತ್ತೆ ಮತ್ತೆ ಹೇಳತೊಡಗಿದರೆ ಮನೆಯವರು ಅರಳುಮರಳೆನ್ನುವರು. ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಇದು ವೃದ್ಧಾಪ್ಯದ ಸಹಜ ಮನೋವ್ಯಾಪಾರವೆಂದು ವಾದಿಸಿದರು. ಹಿಂತಿರುಗಿ ನೋಡಿದ ಕೆಲವರು ಮುನಿದವರೊಡನೆ ರಾಜಿಯಾಗುತ್ತಾರೆ. ಕೆಲವರು, ಅದರಲ್ಲೂ ಒಂಟಿಯಾದವರು, ಪಶ್ಚಾತ್ತಾಪದಲ್ಲಿ ಕುಗ್ಗುತ್ತಾರೆ.