ಲೈಸೆನ್ಸ್ ಯಾರಿಗಾಗಿ?

ಊರು ಬಿಟ್ಟು ದುಡಿಯಲು ಬಂದವರಿಗೆ ಮೊದಲು ಬೇಕಾದದ್ದು ಒಂದು ಸೂರು. ಬೆಂಗಳೂರಿಗೆ ಬಂದ ಎಷ್ಟೋ ಹುಡುಗ ಹುಡುಗಿಯರು ಪಿ.ಜಿ.ಯಲ್ಲಿ ಇರುತ್ತಾರೆ. ಅಲ್ಲಿ ಇಡೀ ಮನೆ ಬಾಡಿಗೆಗೆ ಸಿಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮಂಚ. ಕೆಲವು ಕಡೆ ಊಟವೂ ಸೇರಿರುತ್ತದೆ.

ತಂಗಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೊಸದಾಗಿ ಸೇರಿದ್ದಾಳೆ. ಅಕ್ಕ ಅಲ್ಲಿ ಹಳಬಳು. ಭಾನುವಾರ ಇಬ್ಬರೂ ಮಾತಿಗೆ ಕುಳಿತರು.

"ಅಕ್ಕಾ, ನಮ್ಮ ರೂಮಲ್ಲಿ ಐದು ಮಂಚ ಹಾಕವ್ರೆ. ಕಾಲಿಡೋಕೂ ಜಾಗ ಇಲ್ಲ. ಬೆಳಿಗ್ಗೆ ಕಕ್ಕಸಿಗೆ ಸಾಲು ನಿಲ್ಲಬೇಕು. ಯಾರನ್ನ ಕೇಳೋದು?"

"ಪಿ.ಜಿ. ನಡೆಸೋದು ಒಂದು ವ್ಯಾಪಾರ ಕಣೇ, ಹೋಟೆಲಿನ ಹಾಗೆ. ಅದಕ್ಕೆ ನಗರಪಾಲಿಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಅಂದ್ರೆ ಪರವಾನಗಿ."

"ಅದು ಓನರ್ ಕಾಗದ ಅಲ್ವಾ? ನಮಗೇನು ಬಂತು?"

"ಬರೀ ಹಣ ಕಟ್ಟಿದರೆ ಲೈಸೆನ್ಸ್ ಕೊಡೋ ಹಾಗಿಲ್ಲ. ಜಾಗ, ನೀರು, ಕಕ್ಕಸು ಎಲ್ಲ ನೋಡಿ ಕೊಡಬೇಕು. ಕೊಟ್ಟ ಮೇಲೂ ಬಂದು ನೋಡಬೇಕು. ಅದು ನಿಮ್ಮ ಜೀವ ಕಾಯೋ ಕಾಗದ."

ನಿಯಮ ಏನು ಹೇಳುತ್ತದೆ?

2024ರ ಜುಲೈಯಲ್ಲಿ ಕೋರಮಂಗಲದ ಒಂದು ಪಿ.ಜಿ.ಯೊಳಗೇ ಯುವತಿಯೊಬ್ಬಳ ಕೊಲೆಯಾಯಿತು. ಮರು ತಿಂಗಳು ಬೆಂಗಳೂರು ಮಹಾನಗರ ಪಾಲಿಕೆ ಪಿ.ಜಿ.ಗಳಿಗೆ ನಿಯಮ ಹೊರಡಿಸಿತು. ಅದರ ಮುಖ್ಯ ಮಾತುಗಳು ಇವು:

1. ಒಬ್ಬೊಬ್ಬರಿಗೂ ಕಡಿಮೆಯೆಂದರೆ 70 ಚದರ ಅಡಿ ಜಾಗ ಇರಬೇಕು.
2. ದಿನಕ್ಕೆ ತಲೆಗೆ 135 ಲೀಟರ್ ನೀರು ಕೊಡಬೇಕು. ಕುಡಿಯುವ ನೀರು ಶುದ್ಧವಾಗಿರಬೇಕು.
3. ಕಕ್ಕಸು, ಬಚ್ಚಲು ಚೊಕ್ಕಟವಾಗಿರಬೇಕು.
4. ಹೋಗಿ ಬರುವ ಬಾಗಿಲಲ್ಲಿ ಕ್ಯಾಮರಾ ಇರಬೇಕು. ಕಾವಲಿನವರು ಇರಬೇಕು.
5. ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರ ಇರಬೇಕು.
6. ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತೆಯ ಲೈಸೆನ್ಸೂ ಬೇಕು.

ಆರು ತಿಂಗಳಿಗೊಮ್ಮೆ ಆರೋಗ್ಯ ಅಧಿಕಾರಿಗಳು ತಪಾಸಣೆ ಮಾಡಬೇಕು ಎಂದೂ ಹೇಳಿತ್ತು. 2025ರಲ್ಲಿ ಆ ದೊಡ್ಡ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು. ಈಗ ಆಯಾ ಭಾಗದ ನಗರಪಾಲಿಕೆಯನ್ನೇ ಕೇಳಬೇಕು.

ಲೆಕ್ಕ ಹಾಕೋಣ

ತಂಗಿಯ ರೂಮು 10 ಅಡಿ ಅಗಲ, 14 ಅಡಿ ಉದ್ದ.
10 × 14 = 140 ಚದರ ಅಡಿ.
140 ÷ 70 = 2.

ಅಲ್ಲಿ ಇಬ್ಬರು ಮಾತ್ರ ಇರಬಹುದು. ಇರುವವರು ಐದು ಮಂದಿ!

ನೀರಿನ ಲೆಕ್ಕ ನೋಡಿ. ಕೊಡಕ್ಕೆ 15 ಲೀಟರ್ ಹಿಡಿದರೆ, 135 ಲೀಟರ್ ಎಂದರೆ 9 ಕೊಡ.

ಹೆದರಿಕೆ ಬೇಡವೇ?

"ದೂರು ಕೊಟ್ರೆ ಓನರ್ ಆಚೆಗೆ ಹಾಕ್ತಾರೆ. ಬೀಗ ಜಡಿದ್ರೆ ನಾವೆಲ್ಲಿಗೆ ಹೋಗೋಣ ಅಕ್ಕಾ?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿನ್ನ ಭಯ ಸುಳ್ಳಲ್ಲ. ಅದಕ್ಕೇ ಒಬ್ಬಳೇ ಹೋಗಬೇಡ. ಮೊದಲು ಓನರ್‌ಗೆ ಹೇಳಿ. ಕೇಳದಿದ್ರೆ ಎಲ್ಲರೂ ಸೇರಿ ಅರ್ಜಿ ಬರೀರಿ. ಮುಚ್ಚಿಸಿ ಅಂತ ಬರೀಬೇಡಿ. ಸರಿಪಡಿಸಿ ಅಂತ ಬರೀರಿ. ಅಡ್ವಾನ್ಸ್ ಕೊಟ್ಟ ರಸೀದಿ ಜೋಪಾನ. ಇಷ್ಟಾದರೂ ಬೆಂಕಿ ಬಿದ್ದಾಗ ಓಡೋಕೆ ದಾರಿ ಇಲ್ಲದ ಮನೇಲಿ ಮಲಗೋದು ಇನ್ನೂ ದೊಡ್ಡ ಭಯ ಅಲ್ವೇನೇ?"

ಅರ್ಜಿ ಹೀಗಿರಲಿ:

ನಗರಪಾಲಿಕೆಯ ಆರೋಗ್ಯ ಅಧಿಕಾರಿಗಳಿಗೆ,
ನಮ್ಮ ರೂಮು ____ ಚದರ ಅಡಿ ಇದೆ. ನಾವು ____ ಮಂದಿ ಇದ್ದೇವೆ. ನೀರು ಸಾಲುತ್ತಿಲ್ಲ. ದಯವಿಟ್ಟು ಬಂದು ತಪಾಸಣೆ ಮಾಡಿ. ಸರಿಪಡಿಸಿಕೊಡಿ.

ಕೆಳಗೆ ಎಲ್ಲರೂ ಸಹಿ ಹಾಕಿ. ಎರಡು ಪ್ರತಿ ಮಾಡಿ. ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿ.

ನೆನಪಿಡಿ

ಅಡ್ವಾನ್ಸ್ ಕೊಡುವ ಮೊದಲು ಲೈಸೆನ್ಸ್ ತೋರಿಸಿ ಎಂದು ಕೇಳಿ. ಅದರ ಮೇಲಿನ ವಿಳಾಸ ಓದಿ. ಅವಧಿ ಮುಗಿದಿದೆಯೇ ನೋಡಿ. ಜೀವಕ್ಕೆ ಅಪಾಯ ಎನಿಸಿದರೆ 112ಕ್ಕೆ ಫೋನ್ ಮಾಡಿ.

ಅಭ್ಯಾಸ

1. ಪಿ.ಜಿ.ಗೆ ಲೈಸೆನ್ಸ್ ಏಕೆ ಬೇಕು?
2. 12 ಅಡಿ ಅಗಲ, 18 ಅಡಿ ಉದ್ದದ ರೂಮಿನಲ್ಲಿ ಎಷ್ಟು ಮಂದಿ ಇರಬಹುದು?
3. ನೀವು ಮಲಗುವ ಕೋಣೆಯನ್ನು ಅಳೆಯಿರಿ. ಎಷ್ಟು ಚದರ ಅಡಿ ಇದೆ? ಬರೆಯಿರಿ.