ಅಜ್ಜನ ಮ್ಯಾಸಿ ಗುಜರಿಗೆ ಬೇಡ

ಪ್ರಶ್ನೆ: ನಾವು ತಮಿಳುನಾಡಿನ ಕಂಬಂನ ಕನ್ನಡ ಒಕ್ಕಲಿಗರು. ಅಜ್ಜನ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಎಂಟು ವರ್ಷದಿಂದ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ನಿಂತಿದೆ. ಗುಜರಿಗೆ ಹಾಕೋಣ ಅಂತಾನೆ ಅಣ್ಣ. ಉಳಿಸಬಹುದೇ?

ಉತ್ತರ: ಖಂಡಿತ ಉಳಿಸಬಹುದು ತಮ್ಮಾ. 1960ರಲ್ಲಿ ಮದರಾಸಿನಲ್ಲಿ ಶುರುವಾದ ಟಾಫೆ ಕಂಪನಿಯ ಗಾಡಿ ಅದು. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್ನೂ ಅದೇ ಊರಿನದು. ಹಾಗಾಗಿ ಬಿಡಿಭಾಗದ ಚಿಂತೆ ಕಡಿಮೆ.

ಆತುರಪಟ್ಟು ಸೆಲ್ಫ್ ಹೊಡೆಯಬೇಡಿ. ಮೊದಲು ಹಳೇ ಡೀಸೆಲ್, ಎಂಜಿನ್ ಆಯಿಲ್, ರೇಡಿಯೇಟರ್ ನೀರು ಪೂರ್ತಿ ಇಳಿಸಿ. ಇಂಜೆಕ್ಟರ್ ಬಿಚ್ಚಿಸಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಟ್ಟು, ಎರಡು ದಿನದ ಮೇಲೆ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ಆಮೇಲೆ ಫಿಲ್ಟರ್ ಬದಲಿಸಿ, ಹೊಸ ಆಯಿಲ್, ನೀರು, ಡೀಸೆಲ್ ತುಂಬಿಸಿ, ಡೀಸೆಲ್ ಲೈನಿನ ಗಾಳಿ ತೆಗೆಸಿ. ಬಣ್ಣ ಕೊನೆಗಿರಲಿ. ಚಾಸಿ ನಂಬರಿನ ಮೇಲೆ ಮಾತ್ರ ಬಳಿಯಬೇಡಿ. ಆರ್‌ಸಿ ಬುಕ್ಕಿಗೆ ತಾಳೆಯಾಗಬೇಕಾದದ್ದು ಅದೇ.

ಬಲ್ಲವರಿಗಾಗಿ ದೂರ ಹುಡುಕಬೇಕಿಲ್ಲ. ಕಂಬಂ, ಉತ್ತಮಪಾಳ್ಯದ ಹಳೇ ಮೆಕ್ಯಾನಿಕ್ಕುಗಳು, ಡ್ರೈವರುಗಳು ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಅವರನ್ನು ಕೂರಿಸಿ, ಚಹಾ ಕೊಟ್ಟು, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಅಣ್ಣನಿಗೆ ಒಂದು ಮಾತು ಹೇಳಿ: ಕಂಬಂನ ತಂಬಿರಾನ್ ಮಾಟ್ಟು ತೊಳು ಎಂಬ ದನದ ಕೊಟ್ಟಿಗೆಯಲ್ಲಿ ದೇವರ ದನಗಳನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರು ನಮ್ಮ ಒಕ್ಕಲಿಗರೇ. ಎತ್ತಿನ ನೊಗ ಇಳಿಸಿದ ಗಾಡಿಗೂ ಶೆಡ್ಡಿನಲ್ಲಿ ಒಂದು ಮೂಲೆ ಕೊಡಲಾರೆವೇ? ಬರುವ ದನಗಳ ಹಬ್ಬ ಮಾಟ್ಟು ಪೊಂಗಲ್‌ಗೆ ಅದನ್ನೂ ತೊಳೆದು, ಹಾರ ಹಾಕಿ, ಊರಿನ ಹಳೇ ಟ್ರ್ಯಾಕ್ಟರುಗಳ ಜೊತೆ ಸಾಲಾಗಿ ನಿಲ್ಲಿಸಿ.